ಹುಳುಕಡ್ಡಿಗೆ ನಾನು ಹಚ್ಚಿದ ಟ್ಯೂಬ್

ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಮಳೆಗಾಲದಲ್ಲಿ ಬೆಳಗ್ಗಿನಿಂದ ಸಂಜೆವರೆಗೆ ಮೈಮೇಲಿನ ಬಟ್ಟೆ ಒದ್ದೆಯೇ. ಮೂರು ವರ್ಷದ ಹಿಂದೆ ಆಟಿ ತಿಂಗಳಲ್ಲಿ ತೊಡೆಸಂದಿಯಲ್ಲಿ ಒಂದು ರೂಪಾಯಿ ಅಗಲದ ಕೆಂಪು ಕಲೆ ಎದ್ದಿತು. ಬಳೆಯ ಹಾಗೆ ಅಂಚು ಉಬ್ಬಿತ್ತು, ನಡುವೆ ಚರ್ಮ ತಿಳಿಯಾಗಿತ್ತು. ರಾತ್ರಿ ತುರಿಕೆಗೆ ನಿದ್ದೆ ಇಲ್ಲ. "ಹುಳುಕಡ್ಡಿ, ಡಾಕ್ಟ್ರಿಗೆ ತೋರಿಸು" ಎಂದರು ಅಮ್ಮ. ಅಂಥ ಜಾಗವನ್ನು ತೋರಿಸಲು ನನಗೆ ನಾಚಿಕೆ. ಮೆಡಿಕಲ್‌ನಲ್ಲಿ ಮೆಲ್ಲಗೆ ಕೇಳಿದೆ, ಒಂದು ಟ್ಯೂಬ್ ಕೊಟ್ಟರು.

ಎರಡೇ ದಿನದಲ್ಲಿ ತುರಿಕೆ ನಿಂತಿತು. ವಾರದಲ್ಲಿ ಕೆಂಪೂ ಹೋಯಿತು. ಹಚ್ಚುವುದು ಬಿಟ್ಟೆ. ಹದಿನೈದು ದಿನಕ್ಕೆ ಮತ್ತೆ ಬಂತು, ಈ ಸಲ ಅಂಗೈಯಗಲ. ಮತ್ತೆ ಅದೇ ಟ್ಯೂಬ್. ಹೀಗೆ ನಾಲ್ಕು ತಿಂಗಳು. ಸೊಂಟದ ಸುತ್ತ ಹಬ್ಬಿತು. ಮಗಳ ಕುತ್ತಿಗೆಯಲ್ಲೂ ಕಂಡಾಗ ಹೆದರಿ ಕಾಸರಗೋಡು ಪೇಟೆಯ ಚರ್ಮದ ಡಾಕ್ಟ್ರ ಹತ್ತಿರ ಹೋದೆವು.

ಅವರು ಮೊದಲು ಕೇಳಿದ್ದೇ ಟ್ಯೂಬ್. ಅದರಲ್ಲಿ ಕ್ಲೊಬೆಟಾಸಾಲ್ ಇತ್ತು, ಬಹಳ ಜೋರಿನ ಸ್ಟಿರಾಯ್ಡ್. ಅದು ತುರಿಕೆ, ಕೆಂಪು ಎರಡನ್ನೂ ಅಡಗಿಸುತ್ತದೆ. ಹುಳುಕಡ್ಡಿ ಬರಿಸುವ ಫಂಗಸ್ ಮಾತ್ರ ಚರ್ಮದಲ್ಲಿ ಆರಾಮಾಗಿ ಬೆಳೆಯುತ್ತದೆ. ಇಂಥ ಸ್ಟಿರಾಯ್ಡ್ ಕ್ರೀಮ್‌ಗಳನ್ನು ಡಾಕ್ಟ್ರ ಚೀಟಿ ಇಲ್ಲದೆ ಮಾರಬಾರದು ಎಂದು ಸರಕಾರ 2018ರಲ್ಲೇ ಬಿಗಿ ಮಾಡಿದೆಯಂತೆ. ಅಂಚಿನ ಹೊಟ್ಟನ್ನು ಸ್ವಲ್ಪ ಕೆರೆದು, ಗಾಜಿನ ಮೇಲೆ ಒಂದು ಹನಿ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಫಂಗಸ್‌ನ ಎಳೆಗಳು ಕಂಡವು. ನೋವೇನೂ ಆಗಲಿಲ್ಲ.

ಅವರು ಮಲಯಾಳದಲ್ಲಿ ಹೇಳಿದ್ದನ್ನು ನಾನು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಂಡೆ. ಮಾತ್ರೆ ತಪ್ಪಿಸಬಾರದು. ಕ್ರೀಮನ್ನು ಕಲೆಯ ಅಂಚಿನಿಂದ ಒಂದು ಬೆರಳಗಲ ಹೊರಗೂ ಹಚ್ಚಬೇಕು. ಕಲೆ ಹೋದ ಮೇಲೂ ಎರಡು ವಾರ ಬಿಡಬಾರದು. ಈ ಕೊನೆಯ ಮಾತು ನನಗೆ ಕೂಡಲೇ ಅರ್ಥವಾಯಿತು. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆ ಮೈಲುತುತ್ತು, ಸುಣ್ಣದ ಬೋರ್ಡೋ ಮದ್ದು ಸಿಂಪಡಿಸಿ, ಗೊನೆ ಚೆನ್ನಾಗಿ ಕಂಡರೂ 40–45 ದಿನಕ್ಕೆ ಇನ್ನೊಮ್ಮೆ ಸಿಂಪಡಿಸುತ್ತೇವಲ್ವಾ?

ಟ್ಯೂಬ್ ಬಿಟ್ಟ ಮೊದಲ ವಾರ ತುರಿಕೆ ಇನ್ನೂ ಜಾಸ್ತಿಯಾಯಿತು. ಹಾಗಾಗುತ್ತದೆ ಎಂದು ಡಾಕ್ಟ್ರು ಮೊದಲೇ ಹೇಳಿದ್ದರಿಂದ ಹಳೆಯ ಟ್ಯೂಬಿಗೆ ಕೈ ಹಾಕಲಿಲ್ಲ. ಕಷ್ಟವಾದದ್ದು ಬಟ್ಟೆಯದು. ಎಲ್ಲರಿಗೂ ಬೇರೆ ಬೇರೆ ಬೈರಾಸು (ಮೈ ಒರೆಸುವ ಬಟ್ಟೆ) ಮಾಡಿದೆವು. ಒಳಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ, ಹೊಲಿಗೆಯ ಜಾಗಕ್ಕೆ ಇಸ್ತ್ರಿ ಹಾಕಿದೆವು. ಮಗಳಿಗೂ ಜೊತೆಗೇ ಮದ್ದು. ನನಗೆ ಪೂರ್ತಿ ಗುಣವಾಗಲು ಎರಡು ತಿಂಗಳು ಹಿಡಿಯಿತು. ಸ್ಟಿರಾಯ್ಡ್‌ನಿಂದ ಚರ್ಮ ತೆಳುವಾಗಿ ತೊಡೆಯಲ್ಲಿ ಎದ್ದ ಬಿಳಿ ಗೆರೆಗಳು ಈಗಲೂ ಇವೆ.

ಆಮೇಲೆ ಊರಿನವರು ನನ್ನನ್ನೇ ಕೇಳತೊಡಗಿದರು. ನಾನು ಮದ್ದು ಹೇಳುವುದಿಲ್ಲ. ಯಾವುದನ್ನು ಡಾಕ್ಟ್ರಿಗೆ ತೋರಿಸಬೇಕು ಎಂಬುದನ್ನಷ್ಟೇ ಹೇಳುತ್ತೇನೆ. ಹೋಗಿ ಹೋಗಿ ಮತ್ತೆ ಬರುವ ಕಲೆ, ಮನೆಯ ಇನ್ನೊಬ್ಬರಿಗೂ ಹರಡಿದ ತುರಿಕೆ, ವಾರಗಟ್ಟಲೆ ಮಾಗದ ಹುಣ್ಣು, ಬಣ್ಣ ಅಥವಾ ಆಕಾರ ಬದಲಾಗುವ ಮಚ್ಚೆ. ತುರಿಸದ ಕಲೆಯನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಮುಟ್ಟಿದರೆ ಗೊತ್ತಾಗದ ಮಾಸಲು ಕಲೆ ಕುಷ್ಠದ್ದಿರಬಹುದು. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ, 6 ಅಥವಾ 12 ತಿಂಗಳಲ್ಲಿ ಗುಣವಾಗುತ್ತದೆ. ತಡ ಮಾಡಿದರೆ ನರ ಹೋಗುತ್ತದೆ. ಮೈಯೆಲ್ಲ ಗುಳ್ಳೆ ಎದ್ದು ಜ್ವರವೂ ಇದ್ದರೆ ಅದೇ ದಿನ ಹೋಗಬೇಕು.

ಈ ವರ್ಷ ಅಡಿಕೆಗೆ ಮದ್ದು ಸಿಂಪಡಿಸಲು ಬಂದ ಹುಡುಗ ಮರದಿಂದ ಇಳಿದು ಸುಮ್ನೆ ಸೊಂಟ ತುರಿಸುತ್ತಿದ್ದ. ಕೇಳಿದ್ದಕ್ಕೆ ಜೇಬಿನಿಂದ ಒಂದು ಟ್ಯೂಬ್ ತೆಗೆದು, "ಅಣ್ಣ, ಇದು ಹಚ್ಚಿದರೆ ಕೂಡಲೇ ಕಡಿಮೆಯಾಗುತ್ತದೆ" ಎಂದ. ತಿರುಗಿಸಿ ಓದಿದೆ. ಅದೇ ಕ್ಲೊಬೆಟಾಸಾಲ್. ಉಳಿದ ಮರಗಳು ನಾಳೆಗಿರಲಿ ಎಂದು ಬೈಕ್ ತೆಗೆದು ಅವನನ್ನು ಹಿಂದೆ ಕೂರಿಸಿಕೊಂಡೆ.