ಕಪ್ಪು ಕಾರಿನ ಬಿಳಿ ಕಲೆಗಳು

ಬೆಂಗಳೂರಿನ ಧೂಳಿನಲ್ಲಿ ನನ್ನ ಕಪ್ಪು ಕಾರನ್ನು ದಿನವೂ ಒರೆಸಿದಷ್ಟೂ ಅದು ಮಂಕಾಗುತ್ತಿರುವುದನ್ನು ಕಂಡು ನಾನು ಮೊದಲು ಬಣ್ಣವನ್ನೇ ದೂರಿದೆ. ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ಮೇಲೆ ಜೇಡರ ಬಲೆಯಂತಹ ಗೀರುಗಳೂ, ಹನಿಗಳು ಒಣಗಿದಲ್ಲೆಲ್ಲ ಬಿಳಿಯ ಉಂಗುರಗಳೂ ಕಾಣುತ್ತಿದ್ದವು.

ತಪ್ಪು ನನ್ನ ಕ್ರಮದಲ್ಲಿಯೇ ಇತ್ತು. ಒಣ ಧೂಳಿನ ಮೇಲೆ ಬಟ್ಟೆ ಎಳೆದಾಗ ಅದರಲ್ಲಿನ ಮರಳಿನ ಕಣಗಳು ಬಣ್ಣದ ಮೇಲಿರುವ ಪಾರದರ್ಶಕ ಲೇಪವನ್ನು ಗೀರುತ್ತವೆ. ಬಿಳಿ ಕಾರಿನಲ್ಲೂ ಹೀಗೆಯೇ ಆಗುತ್ತದೆ, ಆದರೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಉಂಗುರಗಳಿಗೆ ಕಾರಣ ನಮ್ಮ ಕೊಳವೆ ಬಾವಿಯ ಗಡಸು ನೀರು: ನೀರು ಆವಿಯಾದ ಮೇಲೆ ಅದರಲ್ಲಿದ್ದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಅಲ್ಲಿಯೇ ಉಳಿಯುತ್ತವೆ. ನೀರು ಉಳಿಸುವ ಉತ್ಸಾಹದಲ್ಲಿ ಕುಡಿಯುವ ನೀರನ್ನು ಶುದ್ಧೀಕರಿಸುವ ಆರ್‌ಓ ಯಂತ್ರ ಹೊರಬಿಡುವ ತ್ಯಾಜ್ಯ ನೀರಿನಿಂದಲೂ ತೊಳೆದಿದ್ದೆ. ಅದರಲ್ಲಿ ಲವಣ ಇನ್ನೂ ಹೆಚ್ಚು.

ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ನೆರಳಿನಲ್ಲಿ ತಣ್ಣಗಿದ್ದ ಬಾನೆಟ್ಟಿನ ಮೇಲೆ ಒಂದು ನಿಮಿಷವಿಟ್ಟು ಕೂಡಲೇ ತೊಳೆದಾಗ ಹೊಸ ಕಲೆಗಳು ಹೋದವು. ಹಳೆಯ ಕಲೆಗಳಿಗೂ ಗೀರುಗಳಿಗೂ ಪಾಲಿಶ್ ಮಾಡಿಸಬೇಕಾಯಿತು. ಅದು ಲೇಪವನ್ನೇ ತುಸು ಸವೆಸುವುದರಿಂದ ಪದೇ ಪದೇ ಮಾಡಿಸುವಂತಿಲ್ಲ.

ಈಗ ವಾರಕ್ಕೊಮ್ಮೆ, ಬಿಸಿಲೇರುವ ಮೊದಲೇ, ಬರಿಯ ನೀರು ಹರಿಸಿ ಧೂಳಿಳಿಸಿದ ಬಳಿಕವಷ್ಟೇ ಕಾರಿಗೆ ಬಟ್ಟೆ ಮುಟ್ಟಿಸುತ್ತೇನೆ. ಒಂದು ಬಕೆಟ್ಟಿನಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ನೀರು. ಹನಿಗಳು ತಾವಾಗಿ ಒಣಗುವ ಮುನ್ನ ಮೈಕ್ರೋಫೈಬರ್ ಬಟ್ಟೆಯನ್ನು ಉಜ್ಜದೆ, ಒತ್ತಿ ನೀರು ತೆಗೆಯುತ್ತೇನೆ. ಅಪಾರ್ಟ್‌ಮೆಂಟಿನಲ್ಲಿ ದಿನವೂ ಕಾರುಗಳನ್ನು ಒರೆಸುವವರಿಗೆ ನಮ್ಮದನ್ನು ಮುಟ್ಟಬೇಡಿರೆಂದು ವಿನಂತಿಸಿದ್ದೇನೆ. ಸಂಬಳ ಮಾತ್ರ ಎಂದಿನಂತೆಯೇ ಕೊಡುತ್ತಿದ್ದೇನೆ.