ಮಕ್ಕಳು ತಾವೇ ಮಾಡಲಿ: ಕೊಡಗಿನ ಮಳೆಯಲ್ಲಿ ನನ್ನ ಮಾಂಟೆಸ್ಸರಿ ಮನೆ

ಕೊಡಗಿನಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಟ್ಟೊಟ್ಟಿಗೇ. ಜೂನ್ ತಿಂಗಳಲ್ಲಿ ಎರಡೂವರೆ, ಮೂರು ವರ್ಷದ ಮಕ್ಕಳು ಮೊದಲ ಸಲ ಬರುವಾಗ ಮೈಮೇಲೆ ರೇನ್‌ಕೋಟು, ಕಾಲಲ್ಲಿ ಗಂಬೂಟು, ಹಿಂದೆ ಕೊಡೆ ಹಿಡಿದ ಅಮ್ಮ. ಎಲ್ಲರ ಕೋಟು ಬಿಚ್ಚಿ, ಬೂಟು ಕಳಚಿ, ತಲೆ ಒರೆಸಿ ಒಳಗೆ ಬಿಡುವಷ್ಟರಲ್ಲಿ ಬೆಳಗಿನ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ. ಅದಕ್ಕೇ ಹೆಚ್ಚಿನ ಕಡೆ ಆಯಾ ಈ ಕೆಲಸವನ್ನು ಚಕಚಕ ಅಂತ ಮುಗಿಸಿಬಿಡುತ್ತಾರೆ. ಸುಂಟಿಕೊಪ್ಪದ ಹತ್ತಿರ ನಾನು ನಡೆಸುವ ಪುಟ್ಟ ಮಾಂಟೆಸ್ಸರಿ ಮನೆಯಲ್ಲಿ ಈ ಕೆಲಸವೇ ವರ್ಷದ ಮೊದಲ ಪಾಠ. ಅಕ್ಷರ, ಅಂಕಿ ಎಲ್ಲ ಆಮೇಲೆ.

ಜಗಲಿಯ ಗೋಡೆಗೆ ಮಕ್ಕಳ ಎದೆಮಟ್ಟದಲ್ಲಿ ಗೂಟಗಳಿವೆ. ಕೆಳಗೆ ಒಂದು ಗಿಡ್ಡ ಬೆಂಚು, ಪಕ್ಕದಲ್ಲಿ ಒಣ ಬಟ್ಟೆಗಳ ಬುಟ್ಟಿ. ಕೋಟು ಹಾಕಿಕೊಳ್ಳುವುದನ್ನು ಹೀಗೆ ತೋರಿಸುತ್ತೇನೆ. ಕೋಟಿನ ಒಳಭಾಗ ಮೇಲೆ ಬರುವ ಹಾಗೆ ನೆಲದ ಮೇಲೆ ಹರಡಬೇಕು. ಟೋಪಿ ಮಗುವಿನ ಕಾಲಿನ ಕಡೆ ಇರಬೇಕು. ಬಗ್ಗಿ ಎರಡೂ ತೋಳಿಗೆ ಕೈ ತೂರಿಸಿ, ಹಾಗೇ ಎತ್ತಿ ತಲೆ ಮೇಲಿಂದ ಹಿಂದಕ್ಕೆ ಹಾಕಿದರೆ ಕೋಟು ತಾನಾಗಿ ಬೆನ್ನಿಗೆ ಬೀಳುತ್ತದೆ. ಬೂಟಿಗೆ ಇನ್ನೊಂದು ಉಪಾಯ. ಒಂದು ಚಿಟ್ಟೆಯ ಸ್ಟಿಕ್ಕರ್ ತಂದು ಸರಿಯಾಗಿ ನಡುವೆ ಕತ್ತರಿಸಿ, ಎಡಗಡೆಯ ಅರ್ಧವನ್ನು ಎಡ ಬೂಟಿನ ಒಳಗೆ, ಬಲಗಡೆಯ ಅರ್ಧವನ್ನು ಬಲ ಬೂಟಿನ ಒಳಗೆ, ಒಳ ಅಂಚಿಗೆ ತಾಗಿಸಿ ಅಂಟಿಸಿ. ಜೋಡಿಸಿಟ್ಟಾಗ ಚಿಟ್ಟೆ ಪೂರ್ತಿ ಕಂಡರೆ ಬೂಟು ಸರಿಯಾಗಿದೆ ಎಂದರ್ಥ. ‘ತಪ್ಪು ಕಾಲಿಗೆ ಹಾಕಿದ್ದೀಯ’ ಅಂತ ನಾನು ಹೇಳಬೇಕಾಗಿಲ್ಲ. ಬೂಟೇ ಹೇಳುತ್ತದೆ.

ನನ್ನ ಮಟ್ಟಿಗೆ ಇಡೀ ಮಾಂಟೆಸ್ಸರಿ ಪದ್ಧತಿಯ ತಿರುಳು ಇಲ್ಲೇ ಇದೆ. ಸ್ವಾವಲಂಬನೆ ಅಂದರೆ ಮಗುವನ್ನು ‘ನೀನೇ ಮಾಡ್ಕೋ’ ಅಂತ ಬಿಟ್ಟುಬಿಡುವುದಲ್ಲ. ಅದು ಮಾಡಿಕೊಳ್ಳಲು ಆಗುವ ಹಾಗೆ ಜಾಗ, ಸಾಮಾನು, ಸಮಯ ಮೂರನ್ನೂ ದೊಡ್ಡವರು ಮೊದಲೇ ಹೊಂದಿಸಿಡುವುದು. ಆಮೇಲೆ ಕೈ ಕಟ್ಟಿಕೊಂಡು ನೋಡುವುದು. ಎರಡನೆಯದೇ ಜಾಸ್ತಿ ಕಷ್ಟ. ಮೂರು ವರ್ಷದ ಮಗು ಒಂದು ಟಿಚ್ ಬಟನ್ ಒತ್ತಲು ಐದು ನಿಮಿಷ ಹೆಣಗಾಡುವಾಗ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ, ಅಲ್ವಾ? ಆ ಐದು ನಿಮಿಷ ಮಗುವಿಗೆ ಸೇರಿದ್ದು. ಅದನ್ನು ಕಿತ್ತುಕೊಳ್ಳಬಾರದು.

ನನ್ನ ಮನೆಗೆ ಬರುವ ಮಕ್ಕಳಲ್ಲಿ ತೋಟದ ಯಜಮಾನರ ಮಕ್ಕಳೂ ಇದ್ದಾರೆ, ತೋಟದ ಕೂಲಿಯವರ ಲೈನ್ ಮನೆಯ ಮಕ್ಕಳೂ ಇದ್ದಾರೆ. ‘ಮಾಂಟೆಸ್ಸರಿ ದುಡ್ಡಿರುವವರಿಗೆ’ ಎಂದು ಯಾರಾದರೂ ಅಂದರೆ ನನಗೆ ಬೇಸರವಾಗುತ್ತದೆ. ಮರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋದಾಗ ಮನೆಯಲ್ಲಿ ಉಳಿಯುತ್ತಿದ್ದ ಮಕ್ಕಳಿಗಾಗಿ ಅದು ಶುರುವಾಯಿತು. ಅವರು ವೈದ್ಯೆ. ಮಕ್ಕಳನ್ನು ಗಮನವಿಟ್ಟು ನೋಡಿ ನೋಡಿಯೇ ಈ ಪದ್ಧತಿಯನ್ನು ಕಟ್ಟಿದರು. 1939ರಲ್ಲಿ ಥಿಯಸಾಫಿಕಲ್ ಸೊಸೈಟಿಯವರು ಕರೆದರೆಂದು ತರಬೇತಿ ಕೊಡಲು ಮದ್ರಾಸಿನ ಅಡ್ಯಾರಿಗೆ ಬಂದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು, ಬ್ರಿಟಿಷರಿಗೆ ಶತ್ರುದೇಶವಾದ ಇಟಲಿಯವರಾದ್ದರಿಂದ ವಾಪಸ್ ಹೋಗಲು ಆಗಲಿಲ್ಲ. 1946ರವರೆಗೆ ಇಲ್ಲೇ ಉಳಿದರು. ಅದರಲ್ಲಿ ಎರಡು ವರ್ಷದಷ್ಟು ಇದ್ದದ್ದು ಕೊಡೈಕನಾಲಿನಲ್ಲಿ. ನಮ್ಮ ಹಾಗೇ ಬೆಟ್ಟ, ಮಂಜು ಇರುವ ಊರು. ಅಲ್ಲಿ ಅವರು ಗಿಡ, ಎಲೆ, ಹುಳು ಹುಪ್ಪಟೆಗಳ ನಡುವೆ ಮಕ್ಕಳೊಂದಿಗೆ ಕೆಲಸ ಮಾಡಿದ್ದರು ಎಂಬುದು ನನಗೆ ದೊಡ್ಡ ಧೈರ್ಯ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಶುರು ಮಾಡುವವರು ಮೊದಲು ಕೇಳುವುದೇ ಇದನ್ನು. ಕಪಾಟು, ಬೆಂಚು, ಗುಂಡಿ ಹಾಕಲು ಲಾಡಿ ಕಟ್ಟಲು ಕಲಿಸುವ ಚೌಕಟ್ಟು, ಇವನ್ನೆಲ್ಲ ನಮ್ಮೂರಿನ ಬಡಗಿಯ ಕೈಲೇ ಮಾಡಿಸಿದೆ. ಗುಲಾಬಿ ಗೋಪುರ ಮತ್ತು ಮರದ ತೂತುಗಳಲ್ಲಿ ಗುಬುಟಿರುವ ಸಿಲಿಂಡರುಗಳನ್ನು ಅಳತೆ ನೋಡಿ ಕೂರಿಸುವ ಸಿಲಿಂಡರ್ ಬ್ಲಾಕುಗಳನ್ನು ಮಾತ್ರ ಬೆಂಗಳೂರಿನಿಂದ ತರಿಸಿದೆ. ಗೋಪುರದಲ್ಲಿ ಹತ್ತು ಘನಗಳಿರುತ್ತವೆ, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ಬಣ್ಣ ಒಂದೇ, ಮರ ಒಂದೇ, ಗಾತ್ರ ಮಾತ್ರ ಬೇರೆ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಮಗುವಿನ ಕಣ್ಣು ಮೋಸಹೋಗುತ್ತದೆ. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಮಳೆಗಾಲದಲ್ಲಿ ಆ ಸಿಲಿಂಡರುಗಳದ್ದು ಬೇರೆಯೇ ಪಾಡು. ಜುಲೈ ಬಂತೆಂದರೆ ಮರ ಉಬ್ಬಿ ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಮಗು ಗುಬುಟು ಹಿಡಿದು ಎಳೆದರೂ ಬರುವುದಿಲ್ಲ. ತೇವ ಹಿಡಿಯದಿರಲೆಂದು ಬಟ್ಟೆಯ ಬೀರುವಿನಲ್ಲಿ ಬಲ್ಬ್ ಉರಿಸಿಡುವುದು ನಮ್ಮ ಕಡೆ ಮಾಮೂಲು, ಸಾಮಾನಿನ ಕಪಾಟಿನಲ್ಲಿ ನಾನೂ ರಾತ್ರಿ ಹಾಗೇ ಮಾಡುತ್ತೇನೆ. ಬೆರಳಲ್ಲಿ ತೀಡಿ ಕಲಿಯಲು ಕತ್ತರಿಸಿ ಅಂಟಿಸಿದ ಉಪ್ಪುಕಾಗದದ ಅಕ್ಷರಗಳು ಅಂಟು ಬಿಡದೆ ಉಳಿಯುವುದೂ ಅದರಿಂದಲೇ. ಆದರೂ ಬೂಷ್ಟು ಬಂದೇ ಬರುತ್ತದೆ. ಅದನ್ನು ಮಕ್ಕಳಿಗೇ ಕೆಲಸವಾಗಿ ಕೊಟ್ಟಿದ್ದೇನೆ. ಒಂದು ತಟ್ಟೆಯಲ್ಲಿ ಮಡಚಿದ ಒಣ ಬಟ್ಟೆ, ಚಿಕ್ಕ ಬ್ರಷ್ಷು. ಕಪಾಟಿನ ಮೂಲೆ, ಕುರ್ಚಿಯ ಕಾಲು ಹುಡುಕಿ ಹುಡುಕಿ ಒರೆಸುತ್ತಾರೆ. ಇದು ಆಟದ ಕೆಲಸವಲ್ಲ, ನಿಜವಾದ ಕೆಲಸ ಎಂದು ಅವರಿಗೆ ಗೊತ್ತು. ಅದಕ್ಕೇ ಅಷ್ಟು ಆಸಕ್ತಿ.

ದುಡ್ಡು ಕೊಡದೆ ಸಿಗುವುದೂ ಬೇಕಾದಷ್ಟಿದೆ. ಕಾಫಿ ಬೇಳೆ ಆರಿಸುವುದು ನಮ್ಮ ಮನೆಯ ಅಚ್ಚುಮೆಚ್ಚಿನ ಕೆಲಸ. ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೇಳೆ ಇರುತ್ತವೆ, ಒಂದು ಕಡೆ ಚಪ್ಪಟೆ. ಕೆಲವದರಲ್ಲಿ ಒಂದೇ ಬೇಳೆ ದುಂಡಗೆ ಬೆಳೆದಿರುತ್ತದೆ, ಅದೇ ಪೀಬೆರಿ. ಎರಡನ್ನೂ ಬೆರೆಸಿ ಒಂದು ಬಟ್ಟಲಲ್ಲಿಟ್ಟರೆ ನಾಲ್ಕು ವರ್ಷದ ಮಗು ಬೆರಳ ತುದಿಯಲ್ಲೇ ತಿಳಿದು ಬೇರೆ ಮಾಡುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಾಡುವವರೂ ಇದ್ದಾರೆ. ಪೆನ್ಸಿಲ್ ಹಿಡಿಯುವ ಮೂರು ಬೆರಳಿಗೆ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಮಾತ್ರ ಕಾಳು ಬೇಡ, ಅವರಿಗೆ ದೊಡ್ಡ ಕಿತ್ತಳೆಯಿಂದಲೇ ಶುರು ಮಾಡಿ.

ಅಕ್ಷರದಲ್ಲಿ ನಾನು ಅ, ಆ, ಇ ಎಂದು ಸಾಲಾಗಿ ಹೋಗುವುದಿಲ್ಲ. ರ, ಗ, ಸ, ದ, ಅ ಇವುಗಳಿಂದ ಶುರು. ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಯ ಮಕ್ಕಳು ಕಲಿಯುವ ಕ್ರಮವೂ ಇದೇ. ಕನ್ನಡದ ವ್ಯಂಜನದಲ್ಲಿ ಅಕಾರ ಸೇರಿಯೇ ಇರುವುದರಿಂದ ಕಾಗುಣಿತ ಬರದಿದ್ದರೂ ಮಗು ‘ಸರ’, ‘ಅರಸ’, ‘ಅಗಸ’, ‘ಗರಗಸ’ ಎಲ್ಲವನ್ನೂ ತಾನೇ ಜೋಡಿಸಿ ಓದುತ್ತದೆ. ಉಪ್ಪುಕಾಗದದ ಮೇಲೆ ಎರಡು ಬೆರಳಿಂದ ತೀಡುತ್ತಾ ಬಾಯಲ್ಲಿ ಹೇಳುತ್ತದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲೆಯಾಳ, ತುಳು, ಹೀಗೆ ಒಬ್ಬೊಬ್ಬರದ್ದು ಒಂದೊಂದು ಮಾತು. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಅವರಿಗೆಲ್ಲ ಕೈ ಮೊದಲು ಕಲಿಯುತ್ತದೆ, ಮಾತು ಹಿಂದೆಯೇ ಬರುತ್ತದೆ. ‘ಇದು ದೊಡ್ಡದು, ಇದು ಚಿಕ್ಕದು’ ಎಂದು ಹೆಸರು ಹೇಳುತ್ತೇನೆ. ‘ದೊಡ್ಡದು ಕೊಡು’ ಎಂದು ಕೇಳುತ್ತೇನೆ. ಕೊನೆಗೆ ‘ಇದು ಯಾವುದು?’ ಎನ್ನುತ್ತೇನೆ. ತಪ್ಪು ಹೇಳಿದರೆ ತಿದ್ದುವುದಿಲ್ಲ. ಸಾಮಾನು ಎತ್ತಿಟ್ಟು ಇನ್ನೊಂದು ದಿನ ಮತ್ತೆ ಮೊದಲಿನಿಂದ ಶುರು.

ಒಮ್ಮೆ ಒಬ್ಬ ಹುಡುಗನ ಅಜ್ಜಿ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಮೊಮ್ಮಗ ಗಾಜಿನ ಜಗ್ಗಿನಿಂದ ಗಾಜಿನ ಲೋಟಕ್ಕೆ ನೀರು ಬಗ್ಗಿಸುತ್ತಿದ್ದ.

‘ಎಂತ ಟೀಚರೇ ಇದು, ಮಗು ಕೈಯಲ್ಲಿ ಗಾಜು ಕೊಡೋದಾ? ಒಡೆದ್ರೆ?’

‘ಒಡೆದ್ರೆ ಗೊತ್ತಾಗುತ್ತೆ ಅಜ್ಜಿ, ಗಾಜು ಒಡೆಯುತ್ತೆ ಅಂತ. ಪ್ಲಾಸ್ಟಿಕ್ಕಾದ್ರೆ ಎಸೆದ್ರೂ ಏನೂ ಆಗಲ್ಲ. ಆಗ ಯಾಕೆ ಮೆಲ್ಲಗೆ ಇಡಬೇಕು ಅಂತ ಅವನಿಗೆ ಹೇಗೆ ತಿಳೀಬೇಕು?’

ಅಜ್ಜಿ ಒಪ್ಪಲಿಲ್ಲ. ಆದರೆ ಹೋಗಲೂ ಇಲ್ಲ. ಅವನು ಚೆಲ್ಲಿದ ನೀರನ್ನು ಸ್ಪಂಜಿನಿಂದ ಒತ್ತಿ, ಬಕೆಟ್ಟಿಗೆ ಹಿಂಡಿ, ಮತ್ತೆ ಒತ್ತಿ, ಕೊನೆಗೆ ತಟ್ಟೆಯನ್ನು ಕಪಾಟಿನಲ್ಲಿ ಅದರ ಜಾಗಕ್ಕೇ ಇಡುವವರೆಗೆ ನಿಂತಿದ್ದರು. ನಮ್ಮಲ್ಲಿ ಲೋಟ ಒಡೆಯುತ್ತದೆ, ನಿಜ. ಆಗ ಕೂಗಾಟ ಇಲ್ಲ. ‘ಎಲ್ಲರೂ ಇದ್ದಲ್ಲೇ ನಿಲ್ಲಿ’ ಅನ್ನುತ್ತೇನೆ. ಚೂರುಗಳನ್ನು ನಾನೇ ಎತ್ತುತ್ತೇನೆ. ಪೊರಕೆ, ಮೊರ, ಹಳೇ ಪೇಪರ್ ತರುವುದು ಒಡೆದ ಮಗುವಿನ ಕೆಲಸ. ಮುಗಿದ ಮೇಲೆ, ಒಡೆಯುವ ಮೊದಲು ಮಾಡುತ್ತಿದ್ದ ಕೆಲಸವನ್ನೇ ಇನ್ನೊಮ್ಮೆ ಮಾಡಲು ಬೇಕೆಂದೇ ಕರೆಯುತ್ತೇನೆ. ಬಿದ್ದದ್ದನ್ನು ತಾನೇ ಸರಿಮಾಡಿ ಮತ್ತೆ ಕೈ ಹಾಕುವ ಮಗು ಸೋಲಿಗೆ ಹೆದರುವುದಿಲ್ಲ. ಗಟ್ಟಿ ಮನಸ್ಸು ಉಪದೇಶದಿಂದ ಬರುವುದನ್ನು ನಾನು ನೋಡಿಲ್ಲ. ಹೀಗೆ ಬರುವುದನ್ನು ನೋಡಿದ್ದೇನೆ.

ಜಿಗಣೆಯ ವಿಷಯ ಹೇಳಲೇಬೇಕು. ಮಳೆ ಬಿಟ್ಟ ಹೊತ್ತಿನಲ್ಲಿ ತೋಟದ ಅಂಚಿಗೆ ನಡೆಯಲು ಹೋಗುತ್ತೇವೆ. ಜಿಗಣೆ ಹತ್ತದೆ ಇರುವುದಿಲ್ಲ. ಅದಕ್ಕಾಗಿ ಜೂನ್‌ನಲ್ಲೇ ಪಾಠ ಮಾಡಿರುತ್ತೇನೆ. ಹಿಡಿದು ಎಳೆಯಬಾರದು. ಸಪೂರ ತುದಿ ಬಾಯಿ, ಅದರ ಪಕ್ಕದಿಂದ ಉಗುರಿನಲ್ಲಿ ಮೆಲ್ಲಗೆ ತಳ್ಳಬೇಕು. ಒಮ್ಮೆ ನಾಲ್ಕು ವರ್ಷದ ಹುಡುಗಿಯ ಮೀನಖಂಡಕ್ಕೆ ಒಂದು ಹತ್ತಿತು. ಅವಳು ಕಿರುಚಿದಳು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಅಷ್ಟರಲ್ಲಿ ನಮ್ಮಲ್ಲಿ ಮೂರನೇ ವರ್ಷ ಕಲಿಯುತ್ತಿದ್ದ ಹುಡುಗ ಒಬ್ಬ ಬಂದು ಕುಕ್ಕರುಗಾಲಲ್ಲಿ ಕೂತು, ‘ಅಲ್ಲಾಡ್ಬೇಡ, ನಾನು ತೋರಿಸ್ತೇನೆ, ನೀನೇ ತೆಗಿ’ ಅಂದ. ತನ್ನ ಕಾಲಿನ ಮೇಲೆ ಉಗುರು ಹೇಗೆ ಇಡಬೇಕೆಂದು ಮಾಡಿ ತೋರಿಸಿದ. ಅವಳು ಅಳುತ್ತಲೇ ತಳ್ಳಿದಳು. ಜಿಗಣೆ ಕಳಚಿ ಬಿತ್ತು. ರಕ್ತ ನಿಲ್ಲದ್ದನ್ನು ನೋಡಿ ಮತ್ತೆ ಹೆದರಿದಾಗ ನಾನು ಹತ್ತಿರ ಹೋಗಿ, ಜಿಗಣೆಯ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ, ಸ್ವಲ್ಪ ಹೊತ್ತು ಸೋರಿ ನಿಲ್ಲುತ್ತದೆ ಎಂದು ಹೇಳಿದೆ. ಸೋಪು ಹಾಕಿ ತೊಳೆದು, ಹತ್ತಿಯನ್ನು ಅವಳೇ ಒತ್ತಿ ಹಿಡಿದುಕೊಂಡು ಕೂತಳು. ಮನೆಗೆ ಹೋಗುವಾಗ ಅಮ್ಮನಿಗೆ ಮೊದಲು ತೋರಿಸಿದ್ದು ಆ ಗಾಯವನ್ನೇ.

ಎಲ್ಲದಕ್ಕೂ ಬಿಡುತ್ತೇನೆ ಅಂತಲ್ಲ. ತೋಟದ ಕೆರೆಯ ಹತ್ತಿರ ಮಕ್ಕಳು ಒಬ್ಬರೇ ಹೋಗುವ ಮಾತೇ ಇಲ್ಲ. ಆನೆ ಬಂದಿದೆ ಎಂದು ಸುದ್ದಿ ಬಂದ ದಿನ ಅಂಗಳಕ್ಕೂ ಇಳಿಯುವುದಿಲ್ಲ. ಕಾರಣವನ್ನು ಮಕ್ಕಳಿಗೆ ನೇರವಾಗಿ ಹೇಳುತ್ತೇನೆ. ‘ಗುಮ್ಮ ಬರ್ತಾನೆ’ ಎಂಬ ಸುಳ್ಳು ನಮ್ಮಲ್ಲಿ ಇಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಈ ಭಾಗದ ಮನೆಗಳಲ್ಲಿ ಜೋರು ಮಳೆ ಬಂದರೆ ದೊಡ್ಡವರ ಮುಖವೇ ಬದಲಾಗುತ್ತದೆ. ಆಮೇಲೆ ಹುಟ್ಟಿದ ಮಕ್ಕಳೂ ಆ ಮುಖ ನೋಡಿಯೇ ಹೆದರುತ್ತಾರೆ. ಅವರಿಗಾಗಿ ಮೌನದ ಆಟವನ್ನು ಮಳೆಯ ಜೊತೆಗೇ ಆಡಿಸುತ್ತೇನೆ. ಸುಮ್ನೆ ಕಣ್ಣು ಮುಚ್ಚಿ ಕೂತು, ಹೆಂಚಿನ ಮೇಲಿನ ಮಳೆ, ಮಾಡಿನ ಅಂಚಿನ ದೋಣಿಯಿಂದ ಸುರಿಯುವ ನೀರು, ದೂರದ ಹೊಳೆ, ಇವನ್ನು ಬೇರೆ ಬೇರೆಯಾಗಿ ಕೇಳುವುದು. ಆಮೇಲೆ ಏನೇನು ಕೇಳಿಸಿತು ಎಂದು ಒಬ್ಬೊಬ್ಬರೇ ಹೇಳುತ್ತಾರೆ. ಹೆಸರಿಟ್ಟು ಕೇಳಿದ ಸದ್ದಿಗೆ ಅಷ್ಟು ಹೆದರಿಕೆ ಇರುವುದಿಲ್ಲ.

ಕೊನೆಯದಾಗಿ ತಂದೆ ತಾಯಂದಿರಲ್ಲಿ ಒಂದು ಮಾತು. ನಮ್ಮಲ್ಲಿ ಎರಡು ವರ್ಷದ ಕಲಿಕೆ ಮುಗಿಯುತ್ತಿದ್ದ ಹಾಗೆ ಮಡಿಕೇರಿ, ಕುಶಾಲನಗರದ ದೊಡ್ಡ ಶಾಲೆಗಳಲ್ಲಿ ಸೀಟು ಹೋಗಿಬಿಡುತ್ತದೆ ಎಂದು ಅನೇಕರು ಮಗುವನ್ನು ಯುಕೆಜಿಗೆ ಬಿಡಿಸಿಕೊಂಡು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡೂವರೆಯಿಂದ ಆರರವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಇಡುವುದು ಜಾಗ ಸಾಲದೆ ಅಲ್ಲ. ಮೊದಲ ವರ್ಷ ಮಗು ನೋಡುತ್ತದೆ, ಎರಡನೇ ವರ್ಷ ಮಾಡುತ್ತದೆ, ಮೂರನೇ ವರ್ಷ ಚಿಕ್ಕವರಿಗೆ ತೋರಿಸಿಕೊಡುತ್ತದೆ. ಓದು, ಬರಹ, ನಾಲ್ಕು ಅಂಕಿಯ ಕೂಡುವ ಲೆಕ್ಕ ಎಲ್ಲ ಒಟ್ಟಿಗೆ ಅರಳುವುದೂ ಆ ವರ್ಷವೇ. ಒಂದನೇ ತರಗತಿಗೆ ಹೋದ ಮೇಲೆ ಬೆಂಚಿನಲ್ಲಿ ಹೊತ್ತುಗಟ್ಟಲೆ ಕೂರಲು ಕೆಲವರಿಗೆ ಮೊದಮೊದಲು ಕಷ್ಟವಾಗುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತಾರೆ. ಸೀಟಿನ ಚಿಂತೆ ಇದ್ದರೆ ಡಿಸೆಂಬರಿಗೆ ಮೊದಲೇ ಬಂದು ಮಾತಾಡಿ. ಯಾವ ಶಾಲೆ ಎಂದು ಹೇಳಿದರೆ, ಅಲ್ಲಿ ಒಂದನೇ ತರಗತಿಗೆ ಏನು ಕೇಳುತ್ತಾರೆ ಎಂದು ನಾನೇ ಹೋಗಿ ವಿಚಾರಿಸಿಕೊಂಡು ಬರುತ್ತೇನೆ.