ಸೀರೆಗೆ ವಯಸ್ಸಾಗಿಲ್ಲ, ಜಂಪರಿಗೆ ಆಗಿದೆ

ಹೋದ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಟಿದ್ದೆ. ಉಡಲು ಒಂದು ಇಳಕಲ್ ಸೀರೆ ತೆಗೆದೆ. ಸೀರೆ ಹೊಸದರಂತೆಯೇ ಇತ್ತು. ಅದರ ಜಂಪರ್ ಮಾತ್ರ ರಟ್ಟೆ ಮೇಲೆ ಏರಲೇ ಇಲ್ಲ. ಸೊಸೆ ಬಾಗಿಲಲ್ಲಿ ನಿಂತು ನಕ್ಕಳು. "ಅತ್ತಿ, ಇದು ನಮ್ಮ ಲಗ್ನದಾಗ ಹೊಲಿಸಿದ್ದಲ್ರಿ. ಇನ್ನೂ ಯಾಕ ಇಟ್ಟೀರಿ?"

ಜಾತ್ರೆ ಮುಗಿದ ಮೇಲೆ ಕಪಾಟು ಪೂರ್ತಿ ಮಂಚದ ಮೇಲೆ ಸುರಿದೆ. 43 ಸೀರೆ. ಮೈಗೆ ಹಿಡಿಸುವ ಜಂಪರ್ ಬರೀ 9. ಉಡಲು ಸೀರೆಯೇ ಇಲ್ಲ ಅಂತ ಸುಮ್ನೆ ಗೊಣಗುತ್ತಿದ್ದೆ. ಇಲ್ಲದ್ದು ಸೀರೆ ಅಲ್ಲ, ಜಂಪರ್.

ಹಾಗಾಗಿ ನನ್ನ ವಯಸ್ಸಿನವರು ಕಪಾಟು ಹೊಸದು ಮಾಡಬೇಕೆಂದರೆ ಬಟ್ಟೆ ಅಂಗಡಿಗೆ ಹೋಗಬೇಡಿ, ಮೊದಲು ಟೇಲರ್ ಹತ್ತಿರ ಹೋಗಿ. ಹೋಗುವ ಮುಂಚೆ ಹಳೆ ಜಂಪರ್ ತಿರುವಿ ಹಾಕಿ ನೋಡಿ. ಪಕ್ಕದ ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿದ್ದರೆ, ಬಿಚ್ಚಿಸಿದರೆ ಎರಡು ಇಂಚಾದರೂ ಸಿಗುತ್ತದೆ. ಕಂಕುಳಲ್ಲಿ ಮಾತ್ರ ಬಿಗಿಯಾಗಿದ್ದರೆ ಅಲ್ಲೊಂದು ಚೌಕದ ತುಂಡು ಕೂಡಿಸಬಹುದು. ಕೈ ಕೆಳಗಿರುವುದರಿಂದ ಯಾರಿಗೂ ಕಾಣುವುದಿಲ್ಲ.

ಹೊಸದು ಹೊಲಿಸುವುದಾದರೆ ಪ್ರತಿ ಸೀರೆಗೂ ಮ್ಯಾಚಿಂಗ್ ಹುಡುಕುತ್ತಾ ಅಲೆಯಬೇಡಿ. ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ಜಂಪರ್ ಬಟ್ಟೆ, ಮೂರು ಸಾಕು. ಕಪ್ಪು, ಕುಂಕುಮ ಬಣ್ಣ, ಗಿಳಿಹಸಿರು. ನಮ್ಮ ಕಡೆಯ ಯಾವ ಇಳಕಲ್ ಸೀರೆಗೂ ಈ ಮೂರರಲ್ಲಿ ಒಂದು ಕೂಡುತ್ತದೆ. ಹೊಲಿಯಲು ಕೊಡುವ ಮೊದಲು ಬಟ್ಟೆಯನ್ನೂ ಲೈನಿಂಗನ್ನೂ ಬೇರೆ ಬೇರೆ ನೀರಲ್ಲಿ ನೆನೆಸಿ ಒಣಗಿಸಿ. ನಾನು ಒಮ್ಮೆ ಟೇಲರ್ ಮಾತು ನಂಬಿ ಹಾಗೇ ಬಿಟ್ಟೆ. ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ, ಬೆನ್ನೆಲ್ಲ ಹಪ್ಪಳದ ಹಾಗೆ ಸುಕ್ಕಾಯಿತು. ಕೇಳಿದರೆ "ನೀರು ಸರಿ ಇಲ್ಲರಿ" ಅಂದ, ಪುಣ್ಯಾತ್ಮ.

ತೋಳು ಮೊಣಕೈವರೆಗೆ ಇರಲಿ, ಸಡಿಲ ಇರಲಿ. ಹುಕ್ಕು ಮುಂದೆಯೇ ಇರಲಿ. ಬೆನ್ನ ಹಿಂದೆ ಕೈ ತಿರುಗಿಸುವ ವಯಸ್ಸು ನಮ್ಮದಲ್ಲ. ಬೆರಳ ಕೀಲು ನೋಯುವವರು ಹುಕ್ಕಿನ ಬದಲು ದೊಡ್ಡ ಟಿಚ್ ಬಟನ್ ಹಾಕಿಸಿಕೊಳ್ಳಿ.

ಇನ್ನು ಸೀರೆಯ ಒಳಲಂಗ. ಇದರ ಬಗ್ಗೆ ನಮ್ಮ ಹೆಂಗಸರು ಯಾರೂ ಮಾತಾಡುವುದಿಲ್ಲ, ಸಂಕೋಚ. ನಾಲ್ಕು ದಶಕ ಒಂದೇ ಜಾಗದಲ್ಲಿ ತೆಳು ಲಾಡಿ ಬಿಗಿದು ಸೊಂಟದ ಸುತ್ತ ಕಪ್ಪು ಗೆರೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಅಲ್ಲೇ ಬೆವರು ನಿಂತು ತುರಿಕೆ, ಹುಣ್ಣು. ಲಾಡಿ ತೆಗೆಸಿ ಎರಡು ಇಂಚಿನ ಅಗಲ ಪಟ್ಟಿ ಹಾಕಿಸಿ. ದಿನಕ್ಕೊಂದು ಕಡೆ ಗಂಟು ಬರಲಿ. ಗೆರೆ ಇದ್ದ ಜಾಗದಲ್ಲಿ ಗಾಯ ಮಾಯದೇ ಉಳಿದರೆ ಡಾಕ್ಟರಿಗೆ ತೋರಿಸಿ, ಮುಚ್ಚಿಡಬೇಡಿ. ಸೀರೆ ಅಂಚು ನೆಲದಿಂದ ಎರಡು ಬೆರಳು ಮೇಲಿರಲಿ. ಮೆಟ್ಟಿಲು ಇಳಿಯುವಾಗ ಕಾಲಿಗೆ ತೊಡರುವುದಿಲ್ಲ.

ಯಾವುದನ್ನು ಬಿಡಬೇಕು? ನಾನು ಬಿಟ್ಟಿದ್ದು ಹೆಚ್ಚಾಗಿ ಪಾಲಿಯೆಸ್ಟರ್. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಅದು ಮೈಗೆ ಅಂಟುತ್ತದೆ. ಒಲೆ ಮುಂದೆ ಅಂತೂ ಬೇಡವೇ ಬೇಡ. ಕಿಡಿ ತಾಗಿದರೆ ಕರಗಿ ಚರ್ಮಕ್ಕೇ ಹತ್ತುತ್ತದೆ. ಸವೆದು ಮೆತ್ತಗಾದ ಹತ್ತಿ ಸೀರೆ ಮಾತ್ರ ಯಾರಿಗೂ ಕೊಡಬೇಡಿ. ಅದು ಕೌದಿಗೆ, ಅಂದರೆ ಹಳೆ ಬಟ್ಟೆ ಕೂಡಿಸಿ ಹೊಲಿಯುವ ಹೊದಿಕೆಗೆ, ಬಂಗಾರ. ಕೌದಿ ಹೊಲಿಯುವವರು ಓಣಿಗೆ ಬಂದಾಗ ನಾಲ್ಕು ಸೀರೆ ಕೊಟ್ಟೆ. ಮೊಮ್ಮಗಳು ಈಗ ಆ ಕೌದಿ ಬಿಟ್ಟು ಮಲಗುವುದಿಲ್ಲ. ಹಳೆ ರೇಷ್ಮೆ ಸೀರೆಯನ್ನು ಪಾತ್ರೆ ಮಾರುವವರಿಗೆ ಕೊಟ್ಟು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಬೇಡಿ. ಹಿಂದಿನ ಜರಿಯಲ್ಲಿ ಬೆಳ್ಳಿ ಎಳೆ ಇರುತ್ತಿತ್ತು. ಅಕ್ಕಸಾಲಿಗರಿಗೆ ಒಮ್ಮೆ ತೋರಿಸಿ.

ಅವ್ವನ ಒಂಬತ್ತು ಗಜದ ಸೀರೆ ನಿಮ್ಮಲ್ಲೂ ಇರಬಹುದು. ಕಚ್ಚೆ ಹಾಕಿ ಉಡುವವರು ಈಗ ಮನೆಯಲ್ಲಿ ಯಾರೂ ಇಲ್ಲ, ಅಲ್ವಾ? ಸೆರಗಿನ ಕಡೆಯಿಂದ ಆರು ಗಜ ಅಳೆದು, ಅಲ್ಲಿ ಕತ್ತರಿಸಿ. ಉಳಿದ ಮೂರು ಗಜದಲ್ಲಿ ಅದೇ ಸೀರೆಗೆ ಜಂಪರ್ ಹೊಲಿಸಿ, ಮೇಲೆ ಮಗುವಿಗೊಂದು ಲಂಗವೂ ಆದೀತು. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಹಾಯುವ ನೂಲು) ಬೇರೆ, ಸೆರಗಿನ ಹಾಸು ಬೇರೆ, ಕೊಂಡಿ ಹಾಕಿ ಕೂಡಿಸಿರುತ್ತಾರೆ. ಒಗೆಯುವಾಗ ಆ ಜಾಗ ಹಿಂಡಬೇಡಿ. ಕಸೂತಿ ಇದ್ದರೆ ಹಿಂಬದಿಯಿಂದ ಇಸ್ತ್ರಿ ಮಾಡಿ.

ಇಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಹಳೆ ಬಿಳಿ ಪಂಚೆಯಲ್ಲಿ ಸುತ್ತಿ. ಡಾಂಬರು ಗುಳಿಗೆ ಜರಿಗೆ ತಾಗಬಾರದು, ಕಪ್ಪಾಗುತ್ತದೆ. ನಾನು ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿದ್ದರೆ ರೇಷ್ಮೆ ಅಲ್ಲೇ ಬಿರಿಯುತ್ತದೆ.

ಅವ್ವನ ಚಂದ್ರಕಾಳಿ ಅನ್ನುವ ಕಪ್ಪು ಸೀರೆಗೆ ಮಾತ್ರ ಕತ್ತರಿ ಹಾಕಲಿಲ್ಲ, ಅದು ಟ್ರಂಕಿನಲ್ಲೇ ಇದೆ. ಯಾರಿಗೂ ಬೇಡವಾದ ಎರಡು ಪಾಲಿಯೆಸ್ಟರ್ ಸೀರೆ ಮಾಳಿಗೆ ಹತ್ತಿವೆ. ಸಂಡಿಗೆ ಒಣಗಿಸುವಾಗ ಕಾಗೆ ಮುಟ್ಟದ ಹಾಗೆ ಮೇಲೆ ಹೊದಿಸುತ್ತೇವೆ.